ಅಧ್ಯಕ್ಷರು ನೆಟ್ಟ ಹೊಂಗೆ

ಹೊಳೆಗೆ ಸೇತುವೆ ಕಟ್ಟುವುದೆಂದಾಯಿತು. ನಡೆಯುವವರಿಗೆ, ಸೈಕಲ್ಲಿನವರಿಗೆ ಮಾತ್ರ; ಉದ್ದಕ್ಕೂ ಹೂವಿನ ಪಾರ್ಕು. ನಕ್ಷೆ ನೋಡಿ ನಗರಸಭೆ ಅಧ್ಯಕ್ಷ ಶಾಂತವೀರಯ್ಯನವರು ಗುಡುಗಿದರು: "ನನ್ನ ಕಾರಿಗೂ ದಾರಿ ಬಿಡ್ರಯ್ಯ! ನಾನೇನು ನಡ್ಕೊಂಡು ಹೋಗ್ಲಾ?"

ಎಂಜಿನಿಯರು ಬೆವರಿದ. ಕಾರು ನುಗ್ಗಿದರೆ ಪಾರ್ಕೆಲ್ಲಿ ಉಳಿದೀತು? ನಗರಸಭೆಯ ಮಾಲಿ ಶಂಕುಸ್ಥಾಪನೆಯ ದಿನ, ಸೇತುವೆ ಶುರುವಾಗುವ ಕಡೆ ನಟ್ಟನಡುವೆ ಗುಂಡಿ ತೋಡಿಟ್ಟ. ಅಧ್ಯಕ್ಷರು ಅಲ್ಲೇ ಹೊಂಗೆ ಸಸಿ ನೆಟ್ಟು ಫೋಟೋ ತೆಗೆಸಿಕೊಂಡರು. ಪಕ್ಕದಲ್ಲಿ ಅವರ ಹೆಸರಿನ ಫಲಕ ನಿಂತಿತು.

ಎರಡು ವರ್ಷಕ್ಕೆ ಸೇತುವೆ ಮುಗಿಯಿತು. ಉದ್ಘಾಟನೆಗೆ ಬಂದ ಕಾರು ಆಳೆತ್ತರದ ಹೊಂಗೆಯ ಮುಂದೆ ನಿಂತಿತು.

"ಯಾವನೋ ಇದನ್ನ ಇಲ್ಲಿ ನೆಟ್ಟೋನು?"

"ತಾವೇ, ಸ್ವಾಮಿ. ಕಡಿದುಬಿಡ್ಲಾ?" ಮಾಲಿ ಕೊಡಲಿ ಎತ್ತಿದ. ಪತ್ರಿಕೆಯವರು ಕ್ಯಾಮೆರಾ ಎತ್ತಿದರು.

"ಬೇಡ, ಬೇಡ!" ಅಧ್ಯಕ್ಷರು ಗಡಬಡಿಸಿ ಇಳಿದು ನಡೆದರು; ಹಿಂದೆಯೇ ಮಾಲಿ.

ಅರ್ಧ ಸೇತುವೆಯಲ್ಲಿ ನಿಂತೇಬಿಟ್ಟರು. ಇಕ್ಕೆಲದಲ್ಲೂ ಮಲ್ಲಿಗೆ ಬಳ್ಳಿ. ಕಾಲಡಿಯಲ್ಲಿ ಬಂಡೆಗಳ ನಡುವೆ ಹೊಳೆಯ ಸದ್ದು.

"ಹುಟ್ಟಿದ್ದೇ ಈ ಊರಲ್ಲಿ ಕಣೋ. ನಮ್ಮ ಹೊಳೆ ಹೀಗೆ ಹರಿಯೋದನ್ನ ಕೇಳೇ ಇರ್ಲಿಲ್ಲ!"

ಆಮೇಲೆ ಮಾಲಿಯ ಕಡೆ ತಿರುಗಿ ಮೆಲ್ಲಗೆ ಅಂದರು: "ಆ ಕಡೆಗೂ ಒಂದು ಗುಂಡಿ ತೋಡು. ಮುಂದೆ ಬರೋ ಅಧ್ಯಕ್ಷನಿಗೂ ಕಾರಿರುತ್ತೆ."

ಮಾಲಿ ಕೈಮುಗಿದ. ಆ ಗುಂಡಿಯನ್ನು ಅವನು ಬೆಳಿಗ್ಗೆಯೇ ತೋಡಿಟ್ಟಿದ್ದ.