ದ್ಯಾಮವ್ವನ ಗುಡ್ಡದ ಚಿನ್ನ

ಮಕ್ಕಳೇ, ದೊಡ್ಡದೊಂದು ಕಾಡಿನಲ್ಲಿ ಕೆಮ್ಮಣ್ಣಿನ ಗುಡ್ಡವಿತ್ತು. ಅದರ ಹೊಟ್ಟೆಯೊಳಗೆ ಚಿನ್ನವಿತ್ತು. ಬಿಲ ತೋಡಿ ಅದನ್ನು ಹೊರಗೆ ತರುತ್ತಿದ್ದವರು ಹೆಗ್ಗಣಗಳು. ಅದನ್ನು ಬಡಿದು ಒಡವೆ ಮಾಡುತ್ತಿದ್ದವನು ಮೌನಪ್ಪ ಎಂಬ ಚೆಂಬುಕುಟಿಗ ಹಕ್ಕಿ.

ಮೊದಲೆಲ್ಲ ಆ ಕಾಡಿನಲ್ಲಿ ಚಿನ್ನದ ಹಂಬಲವೇ ಇರಲಿಲ್ಲ. ಯಾವುದೋ ಕಾಲದಲ್ಲಿ ಜಿಂಕೆಯೊಂದು ಹೊಳೆಯ ಮರಳಿನಲ್ಲಿ ಸಿಕ್ಕ ಹಳದಿ ಕಾಳನ್ನು, ದೃಷ್ಟಿ ತಾಗದಿರಲೆಂದು ಮರಿಯ ಕೊರಳಿಗೆ ಕಟ್ಟಿತಂತೆ. ಮರಿ ಬೆಳೆದು ಮುದಿಯಾದರೂ ಕಾಳು ಮಾಸಲಿಲ್ಲ. ಕಂಡವರಿಗೆಲ್ಲ ಆಸೆ ಹುಟ್ಟಿತು. ಮೊಲಗಳು ಮದುವೆಗೆ ಬೇಕೆಂದವು, ಅಳಿಲುಗಳು ನಾಮಕರಣಕ್ಕೆ ಬೇಕೆಂದವು. ಹೊಳೆಯ ಮರಳು ಬರಿದಾದ ಮೇಲೆ ಹೆಗ್ಗಣಗಳು ಗುಡ್ಡದೊಳಕ್ಕೆ ಇಳಿಯಬೇಕಾಯಿತು.

ಹೆಗ್ಗಣಗಳಲ್ಲಿ ಹಿರಿಯಳು ದ್ಯಾಮವ್ವ. ಅವಳ ಗಂಡ ಕರಿಯಪ್ಪ ಮಣ್ಣು ಕುಸಿದು ಬಿಲದಲ್ಲೇ ಸತ್ತಿದ್ದ. ಸಾಯುವಾಗ ಅವನ ಮುಷ್ಟಿಯಲ್ಲಿದ್ದ ಚಿನ್ನದಿಂದಲೇ ಮೌನಪ್ಪ ನವಿಲು ಸೋಮರಾಯನಿಗೆ ಒಂದು ಹಾರ ಮಾಡಿಕೊಟ್ಟ.

ಹಾರ ತೊಟ್ಟ ದಿನ ಸೋಮರಾಯ ಎಲ್ಲರನ್ನೂ ಬಯಲಿಗೆ ಕರೆಸಿದ. ದ್ಯಾಮವ್ವನೂ ತಂಗಿ ಗುರವ್ವನ ಜೊತೆ ಬಂದಳು. ಗಂಡ ಹಿಡಿದಿದ್ದ ಚಿನ್ನ ಬೆಳಕಿನಲ್ಲಿ ಹೇಗೆ ಕಾಣುತ್ತದೆಂದು ಒಮ್ಮೆ ನೋಡಬೇಕು, ಅಷ್ಟೇ ಅವಳ ಆಸೆ.

"ಇದು ನಮ್ಮ ವಂಶದ ಕಳೆ" ಎಂದು ಸೋಮರಾಯ ಕೊರಳು ಕೊಂಕಿಸಿದ. "ಚಿನ್ನ ಎಲ್ಲರಿಗೂ ಒಪ್ಪುವುದಿಲ್ಲ. ಅದಕ್ಕೆ ಒಳ್ಳೆಯ ಹುಟ್ಟು ಬೇಕು." ಅಷ್ಟರಲ್ಲಿ ಅವನ ಕಣ್ಣು ದ್ಯಾಮವ್ವನ ಮೇಲೆ ಬಿತ್ತು. "ಈ ಮಣ್ಣು ಮೆತ್ತಿಕೊಂಡವರನ್ನು ಒಳಗೆ ಬಿಟ್ಟವರು ಯಾರು? ಆಚೆ ನಿಲ್ಲಿ."

ಜಿಂಕೆ ತನ್ನ ಓಲೆ ಸರಿಮಾಡಿಕೊಂಡಿತು. ಮೌನಪ್ಪ ಬೇರೆ ಕಡೆ ನೋಡಿದ. ಎಂಥ ಅನ್ಯಾಯ ನೋಡಿ ಮಕ್ಕಳೇ, ಅಲ್ಲಿದ್ದವರ ಮೈಮೇಲಿನ ಒಂದೊಂದು ಗುಂಜಿ ಚಿನ್ನವೂ ಹೆಗ್ಗಣಗಳು ತೆಗೆದದ್ದೇ.

ದ್ಯಾಮವ್ವ ಒಂದು ಹೆಜ್ಜೆ ಮುಂದೆ ಬಂದಳು. "ಹೋಗುತ್ತೇವೆ ರಾಯರೇ. ಆದರೆ ಆ ಚಿನ್ನ ಹಿಡಿದುಕೊಂಡೇ ನನ್ನ ಗಂಡ ಸತ್ತ. ನಾವು ಬೇಡವಾದರೆ ನಮ್ಮ ಕೆಲಸವೂ ಬೇಡ. ಇನ್ನು ನೀವೇ ತೋಡಿಕೊಳ್ಳಿ."

"ಮಣ್ಣು ಕೆರೆಯುವುದು ಏನು ಮಹಾವಿದ್ಯೆ? ನನ್ನ ಕಾಲಿಗೂ ಉಗುರಿದೆ. ಈಗಲೇ ತಂದು ತೋರಿಸುತ್ತೇನೆ" ಎಂದ ಸೋಮರಾಯ, ಗುಡ್ಡಕ್ಕೆ ಹೋಗಿ ಬಿಲದೊಳಕ್ಕೆ ನುಗ್ಗಿಯೇಬಿಟ್ಟ.

ಎಲ್ಲಿ ಕೆರೆಯಬೇಕು, ಎಲ್ಲಿ ಮುಟ್ಟಬಾರದು ಎಂದು ಅವನಿಗೇನು ಗೊತ್ತು? ನಾಲ್ಕು ಸಲ ಕೆರೆದದ್ದೇ ತಡ, ಮೇಲಿನ ಮಣ್ಣು ಅವನ ಮೇಲೆ ಕುಸಿಯಿತು. ಒಳಗಿನಿಂದ ಸಣ್ಣಗೆ ಕೂಗು ಕೇಳಿಸಿತು. ಹಿಂದೆಯೇ ಬಂದಿದ್ದ ಜಿಂಕೆ, ಅಳಿಲು, ಮೊಲ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು.

"ಬಿಡಕ್ಕಾ, ಅಲ್ಲೇ ಬಿದ್ದಿರಲಿ" ಎಂದಳು ಗುರವ್ವ.

"ನನಗೂ ಹಾಗೇ ಅನ್ನಿಸುತ್ತಿದೆ. ಆದರೆ ಕರಿಯಪ್ಪ ಹೋದ ಹಾಗೆ ಇನ್ನೊಂದು ಜೀವ ಹೋಗಬಾರದು" ಎಂದಳು ದ್ಯಾಮವ್ವ.

ಹೆಗ್ಗಣಗಳು ಪಕ್ಕದಿಂದ ತೋಡಿ ಸೋಮರಾಯನನ್ನು ಹೊರಗೆಳೆದವು. ಅವನ ಅರ್ಧ ಗರಿಗಳು ಒಳಗೇ ಉಳಿದವು. ಉಸಿರು ತಿರುಗಿದ ಮೇಲೆ ಅವನು ಹಾರ ಬಿಚ್ಚಿ ಚಾಚಿದ. "ಇದು ನಿಮ್ಮದೇ ದ್ಯಾಮವ್ವ, ತೆಗೆದುಕೊಳ್ಳಿ."

ದ್ಯಾಮವ್ವನ ಸಿಟ್ಟು ಇಳಿದಿರಲಿಲ್ಲ. "ಹಾರ ಕೊಟ್ಟರೆ ಮುಗಿಯಿತೇ? ಬಯಲಿಗೆ ಬನ್ನಿ. ನಮ್ಮನ್ನು ಅಂದದ್ದು ಎಲ್ಲರ ಎದುರು, ನಿಜ ಹೇಳುವುದೂ ಎಲ್ಲರ ಎದುರೇ ಆಗಲಿ."

ಸೋಮರಾಯ ಬಯಲಿನ ನಡುವೆ ತಲೆ ತಗ್ಗಿಸಿ ನಿಂತ. "ಈ ಚಿನ್ನ ತೆಗೆದವನು ಕರಿಯಪ್ಪ. ಇದಕ್ಕಾಗಿಯೇ ಸತ್ತ. ನನ್ನ ವಂಶಕ್ಕೂ ಇದಕ್ಕೂ ಸಂಬಂಧವಿಲ್ಲ" ಎಂದ.

"ಇನ್ನೊಮ್ಮೆ ಹೇಳಿ" ಎಂದಳು ದ್ಯಾಮವ್ವ. "ಓಲೆ ಹಾಕಿಕೊಂಡವರಿಗೆ ಸರಿಯಾಗಿ ಕೇಳಿಸಲಿಲ್ಲ."

ನೀತಿ: ಒಡವೆ ತೊಟ್ಟು ಮೆರೆಯುವವರು ಅದಕ್ಕಾಗಿ ದುಡಿದವರನ್ನು ಹೀಗಳೆದರೆ, ಆ ಒಡವೆ ಅವರಿಗೆ ಮರ್ಯಾದೆ ತರುವುದಿಲ್ಲ.