ಮುನ್ನೂರ ಹನ್ನೆರಡು ಎಲೆ

ಹೊನ್ನಕಟ್ಟೆಯ ರಾಜ ಮಾರವರ್ಮರ ಆಸ್ಥಾನದಲ್ಲಿ ನಾನೂ ಒಬ್ಬ ಜಾಣ, ಹೆಸರು ಬೊಪ್ಪಯ್ಯ. ಜಾಣ ಅಂತ ಹೇಳಿದವನು ನಾನೇ. ಬೇರೆಯವರು ಹೇಳಲಿ ಅಂತ ಕಾದು ಕಾದು ಸಾಕಾಗಿತ್ತು.

ಒಂದು ದಿನ ರಾಜರು ನನ್ನನ್ನೂ ಕರೆದುಕೊಂಡು ಕೋಟೆಯ ಶಾಲೆಗೆ ಬಂದರು. ಸಂಗಯ್ಯ ಐಗಳು ಮಕ್ಕಳಿಗೆ ಮರಳಿನ ಮೇಲೆ ಕೂಡುವ ಲೆಕ್ಕ ಹಾಕಿಸುತ್ತಿದ್ದರು. ಇಪ್ಪತ್ತೇಳಕ್ಕೆ ಹದಿನೈದು.

"ಇಷ್ಟೇನಾ?" ಎಂದು ರಾಜರು ಮರಳಿಗೆ ಬೆರಳಿಟ್ಟರು. "ಏಳಕ್ಕೆ ಐದು ಹನ್ನೆರಡು, ಎರಡಕ್ಕೆ ಒಂದು ಮೂರು. ನೋಡಿ, ಮುನ್ನೂರ ಹನ್ನೆರಡು!"

ತಪ್ಪು ಕಂಡರೆ ಅಂಗೈಯಿಂದ ಮರಳು ಒರೆಸೋದು ಐಗಳ ಅಭ್ಯಾಸ. ಬೆರಳು ಯಾರದ್ದು ಅಂತ ನೋಡದೆ ಒರೆಸಿಯೇಬಿಟ್ಟರು!

"ನಾನು ಬರೆದದ್ದನ್ನು ಒರೆಸ್ತೀಯಾ? ನಾಳೆ ಸಂಜೆಯೊಳಗೆ ಊರು ಬಿಡು!" ರಾಜರು ಗುಡುಗಿದರು. "ನನ್ನ ಲೆಕ್ಕ ತಪ್ಪು ಅಂದವರಿಗೆಲ್ಲ ಇದೇ ಗತಿ."

ಐಗಳ ಕಣ್ಣಲ್ಲಿ ನೀರು. ನನಗೂ ಅಕ್ಷರ ತಿದ್ದಿಸಿದವರು ಅವರೇ. ನನ್ನ ಹಾಳು ಬಾಯಿ ಸುಮ್ಮನಿರಬೇಕಲ್ಲ? "ಪ್ರಭು, ತಪ್ಪು ಅನ್ನದೆಯೇ ನಾನಿದನ್ನು ಬಗೆಹರಿಸ್ತೀನಿ" ಅಂದುಬಿಟ್ಟೆ. ಹೇಗೆ ಅಂತ ನನಗೇ ಗೊತ್ತಿರಲಿಲ್ಲ. ಮನೆಗೆ ಹೋಗಿ ಹೆಂಡತಿಯ ಕೈಲಿ ಚೆನ್ನಾಗಿ ಬೈಸಿಕೊಂಡ ಮೇಲೆ ಉಪಾಯ ಹೊಳೆಯಿತು.

ಮರುದಿನ ಅರಮನೆಯಲ್ಲಿ ಮಕ್ಕಳಿಗೆಲ್ಲ ಊಟ. ಕೋಟೆ ಶಾಲೆಯಿಂದ ಇಪ್ಪತ್ತೇಳು ಮಕ್ಕಳು, ಪೇಟೆ ಶಾಲೆಯಿಂದ ಹದಿನೈದು. ಎಲೆ ಮಾತ್ರ ಮುನ್ನೂರ ಹನ್ನೆರಡು ಹಾಕಿಸಿದೆ.

ಹೋಳಿಗೆ ಬಂತು, ತುಪ್ಪ ಬಿತ್ತು. ನಮ್ಮಲ್ಲಿ ಪಂಕ್ತಿ ತುಂಬದೆ ಯಾರೂ ಎಲೆಗೆ ಕೈ ಹಾಕುವಂತಿಲ್ಲ, ರಾಜರೂ ಅಷ್ಟೇ. ರಾಜರು ಹೋಳಿಗೆ ನೋಡಿದರು, ಬಾಗಿಲು ನೋಡಿದರು, ಮತ್ತೆ ಹೋಳಿಗೆ ನೋಡಿದರು. ನಾನೇ ತೋಡಿದ ಗುಂಡಿಯಲ್ಲಿ ನನ್ನ ಹೊಟ್ಟೆಯೂ ಬಿದ್ದು ಗೊರಗೊರ ಅನ್ನುತ್ತಿತ್ತು.

"ಇನ್ನೂ ಯಾರಿಗೆ ಕಾಯೋದು, ಬೊಪ್ಪಯ್ಯ?"

"ತಮ್ಮ ಲೆಕ್ಕದ ಮಕ್ಕಳಿಗೆ, ಪ್ರಭು. ಬಂದವರ ತಲೆ ಎಣಿಸಿದೆ, ಬರೀ ನಲವತ್ತೆರಡು. ಉಳಿದವರು ಇಲ್ಲವೇ ಇಲ್ಲ ಅಂದರೆ ತಮ್ಮ ಲೆಕ್ಕ ತಪ್ಪು ಅಂದಂತಾಗುತ್ತೆ. ನಾನು ಊರು ಬಿಡಬೇಕಾಗುತ್ತೆ."

"ಅವರು ಬರೋದು ಯಾವಾಗ?"

"ಅದು ಐಗಳಿಗೇ ಗೊತ್ತು. ಅವರೋ, ಗಂಟುಮೂಟೆ ಕಟ್ಟುತ್ತಿದ್ದಾರೆ."

"ಕರೆಸಯ್ಯಾ ಬೇಗ! ಸಾರು ಆರಿಹೋಗ್ತಿದೆ!"

ಐಗಳು ಓಡಿ ಬಂದರು. ಚೆದುರಿ ಕೂತ ಮಕ್ಕಳನ್ನು ಎಬ್ಬಿಸಿ ಹತ್ತು ಹತ್ತರ ಸಾಲು ಮಾಡಿದರು. ಕೋಟೆಯವರದು ಎರಡು ಸಾಲು, ಏಳು ಮಕ್ಕಳು ಬಿಡಿ. ಪೇಟೆಯವರದು ಒಂದು ಸಾಲು, ಐದು ಮಕ್ಕಳು ಬಿಡಿ.

"ಬಿಡಿ ಮಕ್ಕಳೆಲ್ಲ ಸೇರಿ ಹನ್ನೆರಡು. ಅದರಲ್ಲಿ ಹತ್ತು ಜನ ಎದ್ದು ಇನ್ನೊಂದು ಸಾಲಾಗಿ ಕೂತ್ಕೊಳ್ಳಿ" ಅಂದರು. ಸಾಲು ನಾಲ್ಕಾಯಿತು, ಇಬ್ಬರು ಉಳಿದರು.

ರಾಜರು ತೊಡೆ ತಟ್ಟಿ ನಕ್ಕರು. "ಅಯ್ಯೋ ನನ್ನ ಬುದ್ಧಿಯೇ! ಆ ಹತ್ತು ಜನರನ್ನು ನಾನು ಸಾಲಿಗೇ ಸೇರಿಸಲಿಲ್ಲ. ಐಗಳೇ, ತಪ್ಪಾಯ್ತು. ನೀವೆಲ್ಲೂ ಹೋಗಬೇಡಿ. ಖಾಲಿ ಎಲೆ ತೆಗೀರೋ, ಊಟ ಮಾಡೋಣ!"

ಊಟವಾದ ಮೇಲೆ ರಾಜರು ನನಗೆ ಶಾಲು ಹೊದಿಸಿದರು. "ಎಂಥಾ ಲೆಕ್ಕಿಗ ಕಣಯ್ಯಾ ನೀನು! ಎಲ್ಲಿ, ಮೂವತ್ತಾರಕ್ಕೆ ನಲವತ್ತೆಂಟು ಕೂಡಿ ತೋರಿಸು" ಅಂದು ಮರಳು ತರಿಸಿದರು.

ನನಗೆ ಬರುತ್ತಿದ್ದದ್ದು ತಲೆ ಎಣಿಸೋದು ಮಾತ್ರ. ಆದರೂ ಶಾಲು ಸರಿಮಾಡಿಕೊಂಡು ಗತ್ತಿನಿಂದ ಬರೆದೆ: ಏಳುನೂರ ಹದಿನಾಲ್ಕು.

ಐಗಳ ಅಂಗೈ ಬಂತು, ಒರೆಸಿ ಹೋಯಿತು.

ರಾಜರು ಸ್ವಲ್ಪ ಜರುಗಿ ಜಾಗ ಬಿಟ್ಟರು. "ಬಾರಯ್ಯಾ, ಇಲ್ಲೇ ಕೂತ್ಕೋ. ನಾಳೆಯಿಂದ ಇಬ್ಬರೂ ಒಟ್ಟಿಗೇ ಶಾಲೆಗೆ ಹೋಗೋಣ."