ಎಣ್ಣೆ ಹಚ್ಚದೆ ನೀರಿಗಿಳಿದ ಬಾತುಮರಿಗಳು

ಲೋಕಕ್ಕೆ ಬಳಿದ ಬಣ್ಣ ಇನ್ನೂ ಒಣಗಿರಲಿಲ್ಲ. ಕೆರೆ, ಗಾಳಿ, ಕೋಳಿ ಎಲ್ಲರೂ ಒಬ್ಬರನ್ನೊಬ್ಬರು ಮಾತಾಡಿಸುತ್ತಿದ್ದ ಕಾಲ ಅದು.

ಆಗಿನ ಬಾತುಕೋಳಿಗೆ ಮೊಟ್ಟೆ ಇಡಲು ಬರುತ್ತಿತ್ತು, ಕಾವು ಕೂರಲು ಮಾತ್ರ ಪುರುಸೊತ್ತಿರಲಿಲ್ಲ. ಕೆಂಚಿ ಎಂಬ ಕೋಳಿಯ ಗೂಡಿಗೆ ಆರು ಮೊಟ್ಟೆ ಉರುಳಿಸಿ ಈಜಲು ಹೋಗಿಬಿಟ್ಟಳು.

ಪಾಪ, ಕೆಂಚಿ ಕೂತಳು. ತನ್ನ ಮೊಟ್ಟೆಯಾಗಿದ್ದರೆ ಇಪ್ಪತ್ತೊಂದು ದಿನಕ್ಕೆ ಏಳಬಹುದಿತ್ತು. ಇವು ಇಪ್ಪತ್ತೆಂಟು ದಿನ ತೆಗೆದುಕೊಂಡವು. ಕಾಲು ಜೋಮು ಹಿಡಿದರೂ ಅವಳು ಏಳಲಿಲ್ಲ. ಕೊನೆಗೆ ಹಳದಿ ತುಪ್ಪಳದ ಆರು ಮರಿಗಳು ಹೊರಬಂದವು.

ಮರಿಗಳಿಗೆ ನಾಲ್ಕು ದಿನವಾಗಿತ್ತಷ್ಟೆ. ಪುಷ್ಯದ ಬೆಳಗು, ಮೈ ಕೊರೆಯುವ ಚಳಿಗಾಳಿ. ಆಗ ಬಂದಳು ನೋಡಿ ಬಾತು, ಮೈ ಬಳುಕಿಸಿಕೊಂಡು!

"ಏಳ್ರೋ ಮಕ್ಕಳಾ, ಕೆರೆಗೆ ನಡೀರಿ!"

ಕೆಂಚಿಗೆ ಮೈಯೆಲ್ಲ ಉರಿದುಹೋಯಿತು. "ಇದೆಂಥ ಮಾತು ಬಾತಕ್ಕ! ಈ ಚಳಿಲಿ ಹಸುಗೂಸುಗಳನ್ನ ಹೊರಗೆ ಕರ್ಕೊಂಡು ಹೋಗ್ತೀಯಾ?"

"ನಾವು ನೀರಿನೋರು ಕಣೇ. ತಿಪ್ಪೆ ಕೆದಕೋಳಿಗೆ ಏನು ಗೊತ್ತಾಗುತ್ತೆ?"

ಕೇಳಿದಿರಾ? ಇಪ್ಪತ್ತೆಂಟು ದಿನ ಕೂತವಳಿಗೆ ಈ ಮಾತು!

ಮರಿಗಳು ಬಾತುವಿನ ಹಿಂದೆ ಹೋಗಿ ನೀರಿಗಿಳಿದವು; ಕೆಂಚಿ ದಡದವರೆಗೂ ಓಡಿಬಂದಳು. ತುಪ್ಪಳ ನೀರು ಕುಡಿದು ಒದ್ದೆ ಹತ್ತಿಯಂತೆ ಮೈಗಂಟಿತು. ಐದು ಮರಿಗಳು ನಡುಗುತ್ತಾ ದಡ ಸೇರಿದವು. ಆರನೆಯದು ಮುಳುಗತೊಡಗಿತು. ಬಾತು ಗಾಬರಿಯಿಂದ ಅದನ್ನು ದಡಕ್ಕೆ ತಳ್ಳಿದಾಗ ಅದರ ಕಣ್ಣು ಮುಚ್ಚಿತ್ತು.

"ಇದೆಂಥ ಕೆಲಸ ಕೆರೆಯಪ್ಪಾ!" ಎಂದಳು ಕೆಂಚಿ.

"ನೆನೆಸೋದು ನನ್ನ ಗುಣ ಕಣವ್ವಾ," ಎಂದಿತು ಕೆರೆ.

"ಇದೆಂಥ ಕೆಲಸ ಗಾಳಿಯಣ್ಣಾ!"

"ಬೀಸೋದು ನನ್ನ ಕೆಲಸ ತಂಗೀ," ಎಂದಿತು ಗಾಳಿ.

"ಯಾರದ್ದೂ ತಪ್ಪಿಲ್ಲ ಅಂದ್ರೆ ಈ ಕೂಸು ಯಾಕೆ ತಣ್ಣಗಾಯ್ತು?" ಕೆಂಚಿ ಊರೇ ಕೇಳುವಂತೆ ಕಿರುಚಿದಳು.

ದಡದಾಚೆ ಈರಜ್ಜಿ ಎಳೆಬಿಸಿಲಿಗೆ ಕಾಲು ಚಾಚಿ, ಮೊಮ್ಮಗಳಿಗೆ ಹರಳೆಣ್ಣೆ ತಿಕ್ಕುತ್ತಿದ್ದಳು. ಮಗುವನ್ನು ಸೊಂಟಕ್ಕೇರಿಸಿ, ಎಣ್ಣೆಬಟ್ಟಲು ಹಿಡಿದೇ ಓಡಿಬಂದಳು.

"ಎಣ್ಣೆ ಹಚ್ಚಿದ್ರಾ?"

ಎರಡು ಹಕ್ಕಿಗಳೂ ಮುಖ ಮುಖ ನೋಡಿಕೊಂಡವು.

"ಎಣ್ಣೆ ಹಚ್ಚದೆ ಎಳೆಗೂಸನ್ನ ನೀರಿಗೆ ಇಳಿಸ್ತಾರೇನೇ? ನಿಮಗೆ ಹೇಳೋರು ಕೇಳೋರು ಯಾರೂ ಇಲ್ವಾ?" ಎಂದು ಬೈಯುತ್ತಲೇ ಅಜ್ಜಿ ಮರಿಯನ್ನು ಸೆರಗಿನಿಂದ ಒರೆಸಿ ಕೆಂಚಿಯ ಹೊಟ್ಟೆಯಡಿ ಇಟ್ಟಳು. ಕೆಂಚಿ ರೆಕ್ಕೆ ಅಗಲಿಸಿ ಆರನ್ನೂ ಮುಚ್ಚಿಕೊಂಡಳು. ಬಿಸಿಲು ಏರಿತು. ಆಮೇಲೆ ರೆಕ್ಕೆಯ ಕೆಳಗಿಂದ ಸಣ್ಣಗೆ "ಪಿಕ್" ಎಂದು ಕೇಳಿಸಿತು. ಅಷ್ಟು ಹೊತ್ತು ಕೂಗಾಡಿದ ಕೆಂಚಿ ಆಗ ಅತ್ತುಬಿಟ್ಟಳು.

ಅಜ್ಜಿ ಉಳಿದ ಎಣ್ಣೆಯನ್ನು ಬಾತುವಿಗೂ ಮರಿಗಳಿಗೂ ಬಾಲದ ಬುಡದಲ್ಲಿ ಒತ್ತಿ ಹಚ್ಚಿದಳು. "ಇದು ಬತ್ತೋದಿಲ್ಲ. ಕೊಕ್ಕಿಂದ ತಗೊಂಡು ಮೈಗೆಲ್ಲ ಸವರಿಕೊಳ್ಳಿ. ಪುಕ್ಕ ಬಲಿಯೋವರೆಗೂ ಚಳಿಲಿ ಕೆರೆ ಕಡೆ ತಲೆ ಹಾಕಬೇಡಿ." ಲೋಕ ಹೊಸದಾಗಿದ್ದಾಗ ಅಜ್ಜಿಯರು ಹೇಳಿದ್ದು ಹಾಗೇ ಆಗಿಬಿಡುತ್ತಿತ್ತು. ಬಾತು ತಲೆ ತಗ್ಗಿಸಿ ನಿಂತಳು.

ಅದಕ್ಕೇ ಮಕ್ಕಳೇ, ಇವತ್ತಿಗೂ ಬಾತು ಕೊಕ್ಕನ್ನು ಬಾಲದ ಬುಡಕ್ಕೆ ಉಜ್ಜಿ ಮೈಗೆಲ್ಲ ಎಣ್ಣೆ ಸವರಿಕೊಳ್ಳುತ್ತದೆ; ತಾನು ಕಾವು ಕೊಟ್ಟ ಬಾತುಮರಿಗಳು ನೀರಿಗಿಳಿದರೆ ಕೋಳಿ ದಡದಲ್ಲಿ ಅತ್ತಿಂದಿತ್ತ ಓಡಾಡುತ್ತಾ ಬೈಯುತ್ತದಲ್ಲ, ಅವಳಿಗೆ ಆ ದಿನದ ಸಿಟ್ಟು ಇನ್ನೂ ಇಳಿದಿಲ್ಲ.